ಹರಿದದ್ದು ಬಟ್ಟೆ, ಬಟನ್ ಅಲ್ಲ

ಬಟನ್ನಿಗೆ ಏನೂ ಆಗಿರಲಿಲ್ಲ. ತಂಗಿಯ ಮೊಮ್ಮಗನಿಗೆಂದು ನಾನು ಹೊಲಿದು ಕಳುಹಿಸಿದ್ದ ಜಬ್ಲಾವನ್ನು ಅವಳು ಹದಿನೈದು ದಿನಗಳ ನಂತರ ತುಮಕೂರಿಗೆ ಬಂದಾಗ ಕವರಿನಲ್ಲಿ ಸುತ್ತಿಕೊಂಡು ತಂದಿದ್ದಳು. ಎದೆಯ ಪಟ್ಟಿಯಲ್ಲಿ, ಒತ್ತಿದರೆ ಕೂಡುವ ಮೂರು ಲೋಹದ ಟಿಚ್ ಬಟನ್‌ಗಳಿದ್ದವು. ಮೇಲಿನ ಎರಡು, ಬಿಡಿಸಲು ಹೋದರೆ ಉಗುರು ನೋಯುವಷ್ಟು ಬಿಗಿಯಾಗಿ ಇನ್ನೂ ಕೂಡಿಕೊಂಡೇ ಇದ್ದವು. ಮೂರನೆಯದರ ಜಾಗದಲ್ಲಿ ಮಾತ್ರ ಕಡಲೆಕಾಳಿನ ಗಾತ್ರದ ದುಂಡನೆಯ ತೂತು. ಅದರ ಗಂಡು ಭಾಗವು, ಅಂದರೆ ತಲೆಯುಬ್ಬಿದ ತುಣುಕು, ಬಟ್ಟೆಯ ಚೂರೊಂದನ್ನು ಕಚ್ಚಿಕೊಂಡೇ ಎದುರು ಪಟ್ಟಿಯ ಹೆಣ್ಣು ಭಾಗದ ಕುಳಿಯಲ್ಲಿ ಕುಳಿತಿತ್ತು. "ಕಿತ್ಕೊಂಡು ಬಂದಿದ್ದು ಅಲ್ಲೇ ಇತ್ತಲ್ಲ ಅಕ್ಕ, ಪುಣ್ಯ. ಅವನ ಕೈಗೆ ಸಿಕ್ಕಿದ್ರೆ ನೇರ ಬಾಯಿಗೇ ಹೋಗ್ತಿತ್ತು" ಎಂದು ತಂಗಿ ಹೇಳಿದಾಗ ನನಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಆ ಜಬ್ಲಾದ ಬಟ್ಟೆ ನಮ್ಮ ಅಮ್ಮನ ಹಳೆಯ ಹತ್ತಿಯ ಸೀರೆ. ಹಸುಗೂಸಿನ ಮೈಗೆ ಹೊಸ ಬಟ್ಟೆಗಿಂತ, ಹತ್ತಾರು ವರ್ಷ ಒಗೆದು ಮೆತ್ತಗಾದ ಸೀರೆಯೇ ಹಿತ ಎಂಬುದು ನಮ್ಮ ಕಡೆಯ ಹಳೆಯ ತಿಳಿವಳಿಕೆ, ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಾದದ್ದು ಮಂಡಿಪೇಟೆಯ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ನಿಂತು ನಾನು "ಇರೋದ್ರಲ್ಲೇ ಗಟ್ಟಿ ಇರೋದು ಕೊಡಿ" ಎಂದು ಕೇಳಿದ್ದರಲ್ಲಿ. ಅವರು ಕೊಟ್ಟದ್ದು ಜೀನ್ಸ್ ಜಾಕೆಟ್ಟಿಗೆ ಹಾಕುವ ಜಾತಿಯ ಬಟನ್. ಕೇಳಿದ್ದನ್ನೇ ಕೊಟ್ಟವರ ಮೇಲೆ ದೂರು ಹೇಳುವಂತಿಲ್ಲ. ಮೂವತ್ತು ವರ್ಷಗಳಿಂದ ಮನೆಮಟ್ಟಿಗೆ ಹೊಲಿಯುತ್ತಿರುವ ನಾನು ಟಿಚ್ ಬಟನ್ ಎಂಬುದನ್ನು ಗಂಭೀರವಾಗಿ ಯೋಚಿಸಿಯೇ ಇರಲಿಲ್ಲ ಎನ್ನುವುದು ಆ ದಿನ ತಿಳಿಯಿತು.

ಯೋಚಿಸಿದರೆ ಲೆಕ್ಕ ಸರಳವಾಗಿದೆ. ಟಿಚ್ ಬಟನ್ ಹಾಕಿದ ಪಟ್ಟಿಯನ್ನು ಎಳೆದಾಗ ಮೂರು ಹಿಡಿತಗಳ ಮೇಲೆ ಬಲ ಬೀಳುತ್ತದೆ: ಗಂಡು ಹೆಣ್ಣುಗಳ ನಡುವಿನ ಹಿಡಿತ, ಬಟನ್ನಿಗೂ ಬಟ್ಟೆಗೂ ಇರುವ ಹಿಡಿತ, ಬಟ್ಟೆಯ ಎಳೆಗಳು ಒಂದನ್ನೊಂದು ಹಿಡಿದುಕೊಂಡಿರುವ ಹಿಡಿತ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದು ಮೊದಲು ಸೋಲುತ್ತದೆ. ಮೊದಲನೆಯದು ಸೋತರೆ ಬಟನ್ ಬಿಚ್ಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಕೂಡುತ್ತದೆ. ಎರಡನೆಯದು ಸೋತರೆ ಬಟನ್ ಕಳಚಿ ಬೀಳುತ್ತದೆ. ಮೂರನೆಯದು ಸೋತರೆ ಬಟ್ಟೆಯೇ ಹೋಗುತ್ತದೆ. ಕಾಜಾ ಹಾಕಿದ ಸಾಮಾನ್ಯ ಗುಂಡಿ ಎಳೆತಕ್ಕೆ ತಾನಾಗಿ ಬಿಡುವುದಿಲ್ಲ, ದಾರ ಹರಿಯುವ ತನಕ ಹಿಡಿದೇ ಇರುತ್ತದೆ. ಹುಕ್ಕೂ ಅಷ್ಟೆ. ಈ ಮೂರರಲ್ಲಿ ಎಳೆದರೆ ಬಿಟ್ಟುಕೊಡಬೇಕೆಂದೇ ಮಾಡಿದ ಬಂಧ ಟಿಚ್ ಬಟನ್ ಒಂದೇ. ಅದನ್ನು ಮರೆತು ಎಲ್ಲಕ್ಕಿಂತ ಗಟ್ಟಿಯಾದುದನ್ನು ಎಲ್ಲಕ್ಕಿಂತ ಮೆತ್ತನೆಯ ಬಟ್ಟೆಗೆ ಹಾಕಿದ ನಾನು, ಬಿಡಬೇಕಾದ ಕ್ರಮವನ್ನೇ ತಿರುಗಾಮುರುಗಾ ಮಾಡಿದ್ದೆ. ಆದ್ದರಿಂದ ಈಗ ಬಟನ್ ಆರಿಸುವಾಗ ನಾನು ಮೊದಲು ಬೆರಳ ನಡುವೆ ಹಿಡಿದು ನೋಡುವುದು ಬಟ್ಟೆಯನ್ನು.

ಬಿಡುವ ಗುಣ ಈ ವಸ್ತುವಿಗೆ ಹುಟ್ಟಿನಿಂದಲೇ ಬಂದದ್ದು. 1885ರಲ್ಲಿ ಜರ್ಮನಿಯ ಹೆರಿಬರ್ಟ್ ಬಾವರ್ ಗಂಡಸರ ಪ್ಯಾಂಟಿಗೆಂದು ಸ್ಪ್ರಿಂಗ್ ಇರುವ ಒತ್ತುಗುಂಡಿಗೆ ಪೇಟೆಂಟ್ ಪಡೆದರು. ಮರುವರ್ಷ, 1886ರಲ್ಲಿ, ಕೈಗವಸುಗಳಿಗೆ ಹೆಸರಾಗಿದ್ದ ಫ್ರಾನ್ಸಿನ ಗ್ರೆನೋಬ್ಲ್ ಪಟ್ಟಣದಲ್ಲಿ ಆಲ್ಬರ್ಟ್ ಪಿಯೆರ್ ರೇಮಂಡ್ ಅಂಥದೇ ಬಟನ್ನಿಗೆ ಪೇಟೆಂಟ್ ಪಡೆದರು. ಮಣಿಕಟ್ಟಿನ ಬಳಿ ಒಂದೇ ಕೈಯಿಂದ ಹಾಕಿ ತೆಗೆಯಬೇಕಾದ ಗವಸಿಗೆ ಕಾಜಾ ಎಷ್ಟು ಕಿರಿಕಿರಿ ಎಂಬುದನ್ನು ಎಡಗೈಯಿಂದ ಬಲತೋಳಿನ ಗುಂಡಿ ಹಾಕಿಕೊಂಡವರೆಲ್ಲ ಬಲ್ಲರು. ಆದರೆ ಅದು ಇಂದಿನ ರೂಪಕ್ಕೆ ಬಂದದ್ದು 1903ರಲ್ಲಿ, ಜರ್ಮನಿಯ ಸ್ಟೋಲ್‌ಬರ್ಗಿನ ಹಾನ್ಸ್ ಪ್ರಿಮ್ ಹೆಣ್ಣು ಭಾಗದೊಳಗೆ ಎರಡು ಸಣ್ಣ ಬಾಗಿದ ಕಂಚಿನ ತಂತಿಗಳನ್ನು ಕೂರಿಸಿದಾಗ. ಗಂಡಿನ ತಲೆ ಒಳಹೊಗುವಾಗ ತಂತಿಗಳು ಅಗಲವಾಗಿ ದಾರಿ ಬಿಡುತ್ತವೆ, ತಲೆ ದಾಟಿದೊಡನೆ ಕುತ್ತಿಗೆಯನ್ನು ಹಿಡಿಯುತ್ತವೆ; ಸಾಕಷ್ಟು ಎಳೆದರೆ ಮತ್ತೆ ಅಗಲವಾಗುತ್ತವೆ. ನಾವು ಕೇಳುವ ಟಿಚ್ ಎಂಬ ಸದ್ದು ಆ ತಂತಿಗಳು ಹಿಂದಕ್ಕೆ ಬರುವ ಸದ್ದು. ಅಮೆರಿಕದಲ್ಲಿ ಡೆನ್ವರಿನ ಜಾಕ್ ವೀಲ್ 1946ರಲ್ಲಿ ಆರಂಭಿಸಿದ ರಾಕ್‌ಮೌಂಟ್ ಕಂಪನಿ ದನ ಕಾಯುವ ಕುದುರೆ ಸವಾರರ ಅಂಗಿಗಳಿಗೆ ಈ ಬಟನ್ ಹಾಕಿ ಹೆಸರಾಯಿತು. ಅಂಗಿ ಜೀನಿಗೋ ಕೊಂಬಿಗೋ ಸಿಕ್ಕಿಹಾಕಿಕೊಂಡರೆ ಸವಾರನನ್ನು ಎಳೆದುಕೊಂಡು ಹೋಗದೆ ಪಟಪಟನೆ ಬಿಚ್ಚಿಕೊಳ್ಳಲಿ ಎಂಬುದು ಅದಕ್ಕೆ ಕೊಡುವ ಕಾರಣ. ನನ್ನ ಜಬ್ಲಾಕ್ಕೂ ಅದೇ ಬೇಕಿತ್ತು.

ನಮ್ಮ ಮನೆಯಲ್ಲಿ ಟಿಚ್ ಬಟನ್ ಎಂದರೆ ಮೊದಲು ಸೂಜಿಯಿಂದ ಹೊಲಿಯುವ ಬಟನ್ನೇ ಆಗಿತ್ತು. ಅಮ್ಮ ನೆರೆಹೊರೆಯ ರವಿಕೆಗಳನ್ನು ಹೊಲಿಯುತ್ತಿದ್ದ ಕಾಲದಲ್ಲಿ ಕಾರ್ಡಿಗೆ ಚುಚ್ಚಿದ ಕಪ್ಪು ಮತ್ತು ಬಿಳಿಯ ಟಿಚ್ ಬಟನ್‌ಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತಿದ್ದವು. ರವಿಕೆಗೆ ಹುಕ್ಕೇ ಹಾಕುತ್ತಿದ್ದರು. ಎರಡು ಹುಕ್ಕುಗಳ ನಡುವೆ ಪಟ್ಟಿ ಬಾಯಿ ಬಿಡುವ ಕಡೆ, ಕುತ್ತಿಗೆಯ ತುದಿಯಲ್ಲಿ, ಹೆಣ್ಣುಮಕ್ಕಳ ಲಂಗದ ಜಾಕೀಟಿನ ಬೆನ್ನಿಗೆ ಮಾತ್ರ ಟಿಚ್ ಬಟನ್. ಬಲ ಹೊರುವುದು ಹುಕ್ಕಿನ ಕೆಲಸ, ಮುಚ್ಚಿಡುವುದು ಟಿಚ್ ಬಟನ್ನಿನ ಕೆಲಸ ಎಂಬ ವಿಂಗಡಣೆ ಅವರಿಗೆ ಸ್ಪಷ್ಟವಾಗಿತ್ತು. ಬಿಗಿಯಾದ ರವಿಕೆಯ ಎದೆಪಟ್ಟಿಗೆ ಬರೀ ಟಿಚ್ ಬಟನ್ ಹಾಕಿಕೊಡಿ ಎಂದು ಯಾರಾದರೂ ಕೇಳಿದರೆ, "ಮದುವೆ ಮನೇಲಿ ಕೈಯೆತ್ತಿ ಅಕ್ಷತೆ ಹಾಕೋವಾಗ ಗೊತ್ತಾಗುತ್ತೆ" ಎಂದಷ್ಟೇ ಹೇಳುತ್ತಿದ್ದರು.

ಅವರ ಕ್ರಮ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ, ಅದಕ್ಕಿಂತ ಒಳ್ಳೆಯದನ್ನು ನಾನು ಬೇರೆಲ್ಲೂ ನೋಡಿಲ್ಲ. ಗಂಡು ಭಾಗ ಮೇಲೆ ಬರುವ ಪಟ್ಟಿಯ ಒಳಮೈಗೆ, ಹೆಣ್ಣು ಭಾಗ ಕೆಳಗಿನ ಪಟ್ಟಿಯ ಮೇಲ್ಮೈಗೆ. ಗಂಡಿನ ತಳ ತೆಳ್ಳಗಿರುವುದರಿಂದ ಮೇಲಿನ ಪಟ್ಟಿ ಉಬ್ಬಿದಂತೆ ಕಾಣುವುದಿಲ್ಲ. ಮೊದಲು ಗಂಡನ್ನು ಹೊಲಿದು ಮುಗಿಸಿ, ಅದರ ತಲೆಗೆ ಸೀಮೆಸುಣ್ಣ ಸವರಿ, ಪಟ್ಟಿಗಳನ್ನು ಮೈಮೇಲೆ ಕೂರುವ ಹಾಗೆ ಜೋಡಿಸಿ ಬೆರಳಿನಿಂದ ಒಮ್ಮೆ ಒತ್ತುತ್ತಿದ್ದರು. ಕೆಳಗಿನ ಪಟ್ಟಿಯ ಮೇಲೆ ಮೂಡಿದ ಬಿಳಿಯ ಚುಕ್ಕೆಯೇ ಹೆಣ್ಣಿನ ನಡುವಿನ ಜಾಗ. ಅಳತೆಪಟ್ಟಿ ಹಿಡಿದು ಎರಡೂ ಕಡೆ ಬೇರೆಬೇರೆಯಾಗಿ ಗುರುತು ಹಾಕಿದಾಗ ಕೂದಲೆಳೆಯಷ್ಟು ಜರುಗಿ ಪಟ್ಟಿ ಸುಕ್ಕಾಗುವುದನ್ನು ಕಂಡವರಿಗೆ ಆ ಚುಕ್ಕೆಯ ಬೆಲೆ ತಿಳಿಯುತ್ತದೆ. ದಾರವನ್ನು ಮೇಣದಬತ್ತಿಗೆ ಎರಡು ಸಲ ಎಳೆದುಕೊಂಡು, ಗಂಟು ಬಟನ್ನಿನ ಅಡಿಯಲ್ಲಿ ಅಡಗುವಂತೆ ಆರಂಭಿಸಿ, ನಾಲ್ಕು ತೂತುಗಳಲ್ಲಿಯೂ ನಾಲ್ಕೈದು ಕಾಜಾ ಹೊಲಿಗೆ ಹಾಕುತ್ತಿದ್ದರು. ಒಂದು ತೂತಿನಿಂದ ಇನ್ನೊಂದಕ್ಕೆ ಸೂಜಿ ಬಟನ್ನಿನ ಅಡಿಯಲ್ಲೇ ನುಸುಳಬೇಕು, ಸೂಜಿಯ ಮೊನೆ ಒಳಪದರವನ್ನು ಮಾತ್ರ ಎತ್ತಬೇಕು, ಹೊರಮೈಯಲ್ಲಿ ಒಂದು ಚುಕ್ಕೆ ದಾರವೂ ಕಾಣಬಾರದು. ಸುಮ್ಮನೆ ಮೇಲಿಂದ ಕೆಳಕ್ಕೆ ನಾಲ್ಕು ಸಲ ಸುತ್ತಿದರೆ ಲೋಹದ ಅಂಚಿಗೆ ದಾರ ಉಜ್ಜಿ ಸವೆಯುತ್ತದೆ. ಕಾಜಾ ಹೊಲಿಗೆಯಾದರೆ ಪ್ರತಿಯೊಂದು ಸುತ್ತಿಗೂ ಅಂಚಿನಲ್ಲಿ ಒಂದು ಗಂಟು ಬೀಳುವುದರಿಂದ ಒಂದೆಳೆ ಹೋದರೂ ಉಳಿದವು ನಿಲ್ಲುತ್ತವೆ. ಒಂದು ಬಟನ್ನಿಗೆ ಐದಾರು ನಿಮಿಷ ಬೇಕು. ಇಂದಿಗೂ ಬೆಲೆಬಾಳುವ ರೇಷ್ಮೆಗೆ, ತೆಳುವಾದ ಬಟ್ಟೆಗೆ, ಭರತನಾಟ್ಯದ ಉಡುಪಿನ ಪಟ್ಟಿಗಳಿಗೆ ನಾನು ಇದನ್ನೇ ಹಾಕುತ್ತೇನೆ, ಏಕೆಂದರೆ ಇದೊಂದೇ ಬಟ್ಟೆಯನ್ನು ತೂತು ಮಾಡದೆ ಕೂರುವ ಟಿಚ್ ಬಟನ್. ಬೇಡವೆನಿಸಿದರೆ ದಾರ ಕತ್ತರಿಸಿದರಾಯಿತು, ಬಟ್ಟೆ ಮೊದಲಿನಂತೆಯೇ ಇರುತ್ತದೆ.

ಅಂಗಡಿಯಲ್ಲಿ ಅಳತೆಯ ಗೊಂದಲ ಇನ್ನೊಂದು. ಒತ್ತಿ ಕೂರಿಸುವ ಬಟನ್‌ಗಳಿಗೆ "ಇಪ್ಪತ್ತು ಲೈನ್", "ಇಪ್ಪತ್ನಾಲ್ಕು ಲೈನ್" ಎನ್ನುತ್ತಾರೆ. ನಾನು ಬಹಳ ಕಾಲ ಅದನ್ನು ಮಿಲಿಮೀಟರ್ ಎಂದೇ ತಿಳಿದಿದ್ದೆ. ಗುಂಡಿಗಳ ಲೆಕ್ಕದಲ್ಲಿ 40 ಲೈನ್ ಸೇರಿದರೆ ಒಂದು ಇಂಚು. ಹಾಗಾಗಿ 24 ಲೈನ್ ಎಂದರೆ ಸುಮಾರು 15 ಮಿಲಿಮೀಟರ್, 20 ಲೈನ್ ಎಂದರೆ ಸುಮಾರು 12.5 ಮಿಲಿಮೀಟರ್, 16 ಲೈನ್ ಎಂದರೆ ಸುಮಾರು 10 ಮಿಲಿಮೀಟರ್. ನಮ್ಮ ಶರ್ಟಿನ ಸಾಮಾನ್ಯ ಗುಂಡಿ 18 ಲೈನ್. ಈ ಹೋಲಿಕೆ ಮನಸ್ಸಿನಲ್ಲಿದ್ದರೆ ಅಂಗಡಿಯವರು ಡಬ್ಬಿ ತೆಗೆಯುವ ಮೊದಲೇ ಗಾತ್ರ ಅಂದಾಜಾಗುತ್ತದೆ. ಹೆಚ್ಚು ಬೇಕಾದರೆ ಗ್ರೋಸ್ ಲೆಕ್ಕ, ಅಂದರೆ 144. ಮನೆಯಲ್ಲಿ ಹೊಲಿಯುವವರು ಅಗ್ಗವೆಂದು ಗ್ರೋಸ್ ಕೊಳ್ಳಬಾರದು ಎಂಬುದಕ್ಕೆ ನನ್ನ ಬಿಸ್ಕತ್ತಿನ ಡಬ್ಬಿಯೇ ಸಾಕ್ಷಿ.

ಈಗ ಅಂಗಡಿಗೆ ಹೋಗುವಾಗ ಪರ್ಸಿನಲ್ಲಿ ಒಂದು ಅಯಸ್ಕಾಂತವನ್ನು ಇಟ್ಟುಕೊಂಡು ಹೋಗುತ್ತೇನೆ. ಹಿತ್ತಾಳೆಯ ಬಟನ್ ಅದಕ್ಕೆ ಅಂಟುವುದಿಲ್ಲ, ಕಬ್ಬಿಣದ ತಗಡಿಗೆ ಬಿಳಿಯ ಲೇಪ ಕೊಟ್ಟದ್ದು ತಟ್ಟನೆ ಅಂಟುತ್ತದೆ. ಕಬ್ಬಿಣದ್ದು ಅಗ್ಗ, ಹೊಸದಾಗಿ ನೋಡಲು ಒಂದೇ ಥರ. ಬೆವರು ಮತ್ತು ಒಗೆತದಲ್ಲಿ ಲೇಪ ಸವೆದ ಮೇಲೆ ಬಟನ್ನಿನ ಸುತ್ತ ತುಕ್ಕಿನ ಉಂಗುರ ಮೂಡುತ್ತದೆ. ನಿಂಬೆರಸ ಮತ್ತು ಉಪ್ಪು ಹಾಕಿ ಬಿಸಿಲಿಗಿಟ್ಟರೆ ಕಲೆ ಹೋಗಬಹುದು, ತುಕ್ಕು ಹಿಡಿದ ಬಟನ್ ಅಲ್ಲೇ ಇರುವವರೆಗೆ ಕಲೆ ಮತ್ತೆ ಬರುತ್ತದೆ. ಬಿಗಿಯಾಗಿ ಮೈಗೆ ತಾಗುವ ಕಡೆಯಾದರೆ ನಿಕ್ಕಲ್ ಲೇಪದ ಬಗ್ಗೆಯೂ ಎಚ್ಚರ ಬೇಕು. ಜೀನ್ಸಿನ ಲೋಹದ ಗುಂಡಿ ತಾಗುವ ಹೊಕ್ಕುಳಿನ ಕೆಳಗೆ ಕೆಲವರಿಗೆ ಕೆರೆತ, ಕಜ್ಜಿ ಬರುವುದು ನಿಕ್ಕಲ್ ಅಲರ್ಜಿಯಿಂದ. ಯುರೋಪಿನ ನಿಯಮದಂತೆ ಚರ್ಮಕ್ಕೆ ಬಹುಕಾಲ ತಾಗುವ ಇಂಥ ವಸ್ತುಗಳಿಂದ ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರುವಂತಿಲ್ಲ. ನಮ್ಮ ಪೇಟೆಯ ಬಿಡಿ ಬಟನ್ನಿನ ಮೇಲೆ ಅಂಥ ವಿವರ ಬರೆದಿರುವುದಿಲ್ಲ, ಆದ್ದರಿಂದ ಮಕ್ಕಳ ಬಟ್ಟೆಯಾದರೆ ಒಳಮೈಯಲ್ಲಿ ಒಂದು ಪದರ ಬಟ್ಟೆ ಬಂದು ಲೋಹ ಮೈಗೆ ತಾಗದಂತೆ ಪಟ್ಟಿಯನ್ನು ಅಗಲವಾಗಿಯೇ ಕತ್ತರಿಸುತ್ತೇನೆ.

ಹೊಲಿಯದೆ ಕೂರಿಸುವ ಲೋಹದ ಬಟನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದಕ್ಕೆ ನಡುವೆ ಕಾಂಡವಿರುತ್ತದೆ: ಬಟ್ಟೆಗೆ ತೂತು ಮಾಡಿ, ಕಾಂಡವನ್ನು ತೂರಿಸಿ, ಅದರ ತುದಿಯನ್ನು ಚಪ್ಪಟೆಯಾಗಿ ಬಡಿದು ಕೂರಿಸುವುದು. ಡೆನಿಮ್, ಕ್ಯಾನ್ವಾಸ್, ಚರ್ಮ, ರೆಕ್ಸಿನ್ನಿಗೆ ಇದು ಸರಿ. ಇದರಲ್ಲಿಯೂ ಹೆಣ್ಣಿನೊಳಗೆ ಎರಡು ಬಾಗಿದ ತಂತಿ ಇರುವುದು ಹಗುರಾದ ಹಿಡಿತದ್ದು, ಶರ್ಟಿಗೆ, ಪರ್ಸಿಗೆ ಹೊಂದುವಂಥದು. ಒಡಕುಳ್ಳ ದುಂಡು ಉಂಗುರ ಇರುವುದು ಬಿಗಿ ಹಿಡಿತದ್ದು, ದಪ್ಪ ಜಾಕೆಟ್ಟಿಗೆ, ಚೀಲಕ್ಕೆ. ಡಬ್ಬಿಯ ಮೇಲಿನ ಹೆಸರು ನೋಡುವುದಕ್ಕಿಂತ ಹೆಣ್ಣು ಭಾಗವನ್ನು ತಿರುಗಿಸಿ ಒಳಗೆ ಇಣುಕಿದರೆ ಯಾವುದೆಂದು ಗೊತ್ತಾಗುತ್ತದೆ. ನಾನು ಜಬ್ಲಾಕ್ಕೆ ಹಾಕಿದ್ದು ಉಂಗುರದ್ದು. ಇನ್ನೊಂದು ಬಗೆಗೆ ಕಾಂಡವಿಲ್ಲ, ಹಲ್ಲುಗಳಿರುವ ಬಳೆ ಇದೆ: ಸಾಮಾನ್ಯವಾಗಿ ಐದು ಹಲ್ಲುಗಳು ಬಟ್ಟೆಯ ಎಳೆಗಳ ನಡುವೆ ನುಗ್ಗಿ, ಎದುರು ಬದಿಯ ತುಣುಕಿನೊಳಗೆ ಸುರುಳಿಯಾಗಿ ಬಾಗಿ ಹಿಡಿಯುತ್ತವೆ. ಇದಕ್ಕೆ ತೂತು ಮಾಡುವುದೇ ಬೇಡ. ಬನಿಯನ್ ಬಟ್ಟೆಯಂಥ ಹೊಸೈರಿಗೆ ತೂತು ಮಾಡಿದರೆ ಕುಣಿಕೆ ಬಿಚ್ಚಿಕೊಂಡು ಏಣಿಯಂತೆ ಹರಿಯುವುದರಿಂದ ಅದಕ್ಕೆ ಹಲ್ಲಿನ ಬಟನ್ನೇ ಸರಿ. ಅಂಗಡಿಯ ಮಕ್ಕಳ ಬಟ್ಟೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಇದನ್ನೇ.

ಯಾವ ಬಗೆಯಾದರೂ ನಿರ್ಣಾಯಕವಾದದ್ದು ಬಟ್ಟೆಯ ದಪ್ಪ. ಹಲ್ಲು ಅಥವಾ ಕಾಂಡ ಬಟ್ಟೆಯನ್ನು ದಾಟಿ, ಮೇಲೆ ಬಾಗುವಷ್ಟು ಮಾತ್ರ ಉಳಿಯಬೇಕು. ಬಟ್ಟೆ ತೆಳುವಾದರೆ ಲೋಹ ಹೆಚ್ಚು ಉಳಿದು ಅಡ್ಡಾದಿಡ್ಡಿ ಬಾಗುತ್ತದೆ, ಬಟನ್ ಜಾಗದಲ್ಲೇ ಗಿರಗಿರನೆ ತಿರುಗುತ್ತದೆ, ತಿರುಗುತ್ತ ತಿರುಗುತ್ತ ಬಟ್ಟೆಯನ್ನು ಗರಗಸದಂತೆ ಕತ್ತರಿಸುತ್ತದೆ. ದಪ್ಪವಾದರೆ ಬಾಗಲು ಲೋಹವೇ ಸಾಲದೆ ಮೊದಲ ಎಳೆತಕ್ಕೇ ಕಳಚುತ್ತದೆ. ತೆಳು ಬಟ್ಟೆಗೆ ಮದ್ದು ಪದರ ಸೇರಿಸುವುದು: ಪಟ್ಟಿಯನ್ನು ಎರಡು ಮಡಿಕೆ ಮಾಡಿ ನಡುವೆ ಇಸ್ತ್ರಿಯಿಂದ ಅಂಟುವ ಪೇಸ್ಟಿಂಗ್ ಹಾಕುವುದು, ಅಥವಾ ಹಳೆಯ ಪಾಪ್ಲಿನ್ನಿನ ಚೂರನ್ನಾದರೂ ಸೇರಿಸುವುದು. ಇನ್ನೊಂದು ಮೋಸದ ಜಾಗವೆಂದರೆ ಹೊಲಿಗೆಯ ಏಣು. ಬಟನ್ನಿನ ಅರ್ಧ ಎರಡು ಪದರದ ಮೇಲೆ, ಇನ್ನರ್ಧ ನಾಲ್ಕು ಪದರದ ಏಣಿನ ಮೇಲೆ ಬಂದರೆ ಎಂಥ ಒಳ್ಳೆಯ ಯಂತ್ರದಿಂದಲೂ ಅದು ಸರಿಯಾಗಿ ಕೂರುವುದಿಲ್ಲ. ಪಟ್ಟಿಯ ಅಗಲವನ್ನು ಬಟನ್ನಿನ ಅಗಲಕ್ಕೆ ಹೊಂದಿಸಿ ಮೊದಲೇ ಕತ್ತರಿಸಿಕೊಳ್ಳದೆ, ಎಲ್ಲ ಹೊಲಿದಾದ ಮೇಲೆ ಎಲ್ಲಿ ಜಾಗವಿದೆಯೋ ಅಲ್ಲಿ ಬಟನ್ ಒತ್ತುವ ನನ್ನ ಹಳೆಯ ಅಭ್ಯಾಸದಿಂದ ಎಷ್ಟು ಬಟನ್ ಹಾಳಾಗಿವೆಯೋ ಲೆಕ್ಕವಿಲ್ಲ.

ಉಪಕರಣದ ವಿಷಯಕ್ಕೆ ಬಂದರೆ, ನಾನು ಆರಂಭಿಸಿದ್ದು ಸುತ್ತಿಗೆಯಿಂದ. ಬಟನ್ನಿನ ಜೊತೆಗೇ ಬರುವ ಸಣ್ಣ ಅಡಿಬಿಲ್ಲೆ ಮತ್ತು ಡೈ ಎನ್ನುವ ಕಡ್ಡಿಯಂಥ ಅಚ್ಚು, ಹಿತ್ತಿಲಿನಲ್ಲಿ ಬಿದ್ದಿದ್ದ ಅರೆಯುವ ಕಲ್ಲು, ಒಂದು ಸುತ್ತಿಗೆ. ಮಂಚದ ಮೇಲೋ ಮರದ ಮಣೆಯ ಮೇಲೋ ಇಟ್ಟು ಬಡಿದರೆ ಪೆಟ್ಟಿನ ಬಲವೆಲ್ಲ ಕೆಳಗೆ ಹೀರಿಹೋಗುತ್ತದೆ, ಹಾಗಾಗಿ ಅಲುಗಾಡದ ಕಲ್ಲೇ ಬೇಕು. ಅಡಿಬಿಲ್ಲೆಯ ಕುಳಿ ಬಟನ್ನಿನ ಟೋಪಿಯ ಉಬ್ಬಿಗೆ ಸರಿಹೊಂದದಿದ್ದರೆ ಟೋಪಿ ಚಪ್ಪಟೆಯಾಗುತ್ತದೆ. ಕಡ್ಡಿ ನೆಟ್ಟಗೆ ನಿಲ್ಲದೆ ಕೊಂಚ ವಾಲಿದರೂ ಕಾಂಡ ಒಂದು ಬದಿಗೆ ಮಲಗುತ್ತದೆ. ಹಾಗೆ ಮಲಗಿದ ಬಟನ್ ಆ ಹೊತ್ತಿಗೆ ಕೂಡಿದಂತೆ ಕಂಡರೂ ನಾಲ್ಕು ಒಗೆತದಲ್ಲಿ ಬಿಡುತ್ತದೆ. ಒಂದೇ ಜೋರು ಪೆಟ್ಟಿಗಿಂತ ಮೂರು ನಾಲ್ಕು ಹದವಾದ ಪೆಟ್ಟು ಒಳ್ಳೆಯದು. ಹೆಣ್ಣು ಭಾಗಕ್ಕೆ ಹೆಚ್ಚು ಪೆಟ್ಟು ಬಿದ್ದು ಒಳಗಿನ ತಂತಿ ನಜ್ಜಾದರೆ ಗಂಡು ಒಳಗೇ ಹೋಗುವುದಿಲ್ಲ, ಅಥವಾ ಹೋದದ್ದು ಹೊರಗೆ ಬರುವುದಿಲ್ಲ. ವರ್ಷಕ್ಕೆ ಎರಡು ಚೀಲ ಹೊಲಿಯುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ನಂತರ ಕೊಂಡದ್ದು ಇಕ್ಕಳ. ಕೈಗೆ ಹಗುರ, ಸದ್ದಿಲ್ಲ, ಮಧ್ಯಾಹ್ನ ಮನೆಯವರು ಮಲಗಿರುವಾಗಲೂ ಕೆಲಸ ಮಾಡಬಹುದು. ಅದರ ಕೊರತೆ ಅದರ ರಚನೆಯಲ್ಲೇ ಇದೆ. ಇಕ್ಕಳದ ಎರಡು ದವಡೆಗಳು ಒಂದು ಕೀಲಿನ ಸುತ್ತ ತಿರುಗುತ್ತವೆ, ಆದ್ದರಿಂದ ಅವು ಸಮಾನಾಂತರವಾಗಿ ಇರುವುದು ಒಂದೇ ಒಂದು ದಪ್ಪಕ್ಕೆ. ಬಟ್ಟೆ ಅದಕ್ಕಿಂತ ದಪ್ಪವಾದರೆ ಬಟನ್ನಿನ ಕೀಲಿನ ಕಡೆಯ ಅಂಚು ಮೊದಲು ಒತ್ತಲ್ಪಡುತ್ತದೆ. ಬಟ್ಟೆಯ ಅಂಚಿನಿಂದ ಒಂದೆರಡು ಇಂಚಿಗಿಂತ ಒಳಗೆ ಅದರ ಬಾಯಿ ತಲುಪುವುದೂ ಇಲ್ಲ. ಪ್ಲಾಸ್ಟಿಕ್ ಟಿಚ್ ಬಟನ್ನಿಗೆ ಇಕ್ಕಳ ಚೆನ್ನಾಗಿ ಸಾಕು, ಹಲ್ಲಿನ ಸಣ್ಣ ಬಟನ್ನಿಗೂ ನಡೆಯುತ್ತದೆ, 24 ಲೈನಿನ ಲೋಹಕ್ಕೆ ಮಾತ್ರ ನನ್ನ ಮುಷ್ಟಿಯ ಬಲ ಸಾಲಲಿಲ್ಲ.

ಮೂರನೆಯದು ಮೇಜಿನ ಮೇಲೆ ಕೂರುವ ಕೈ ಪ್ರೆಸ್. ಹಿಡಿಯನ್ನು ಕೆಳಗೆ ಎಳೆದರೆ ಮೇಲಿನ ಡೈ ನೆಟ್ಟಗೆ ಕೆಳಗಿಳಿಯುತ್ತದೆ, ವಾಲುವ ಮಾತೇ ಇಲ್ಲ. ಪ್ರತಿ ಬಗೆಯ, ಪ್ರತಿ ಗಾತ್ರದ ಬಟನ್ನಿಗೂ ಬೇರೆ ಜೋಡಿ ಡೈ ಬೇಕು, ಒಂದು ತಯಾರಿಕೆಯ ಬಟನ್ ಇನ್ನೊಂದರ ಡೈಗೆ ಸರಿಯಾಗಿ ಕೂರುತ್ತದೆಂಬ ಭರವಸೆಯೂ ಇಲ್ಲ. ಯಂತ್ರವನ್ನು ಒಂದು ಕಡೆ, ಬಟನ್ನನ್ನು ಇನ್ನೊಂದು ಕಡೆ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಆರು ತಿಂಗಳು ಪರದಾಡಿದ ಮೇಲೆ, ಈಗ ಡೈ ಮತ್ತು ಬಟನ್ನನ್ನು ಒಂದೇ ಅಂಗಡಿಯಲ್ಲಿ, ಅಲ್ಲೇ ಒಂದು ಚೂರು ಬಟ್ಟೆಗೆ ಒತ್ತಿ ನೋಡಿಯೇ ತರುತ್ತೇನೆ. ಚೂರು ಬಟ್ಟೆ ಎಂದರೆ ಅಂಗಡಿಯವರ ಮೇಜಿನ ಮೇಲೆ ಬಿದ್ದಿರುವ ಯಾವುದೋ ಚೂರಲ್ಲ. ಹೊಲಿಯಬೇಕಾದ ಬಟ್ಟೆಯದೇ, ಅಷ್ಟೇ ಪದರಗಳ ಚೂರು.

ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನ ಜಾವ ಕಂಪನಿಯ ಬಸ್ಸು ಹತ್ತಿ ಹೋಗುವ ಅವಳಿಗೆ ಭಾನುವಾರವೊಂದೇ ಬಿಡುವು. ಹರಿದ ಜಬ್ಲಾವನ್ನು ತೋರಿಸಿದಾಗ ಅವಳು ಬಟನ್ನನ್ನು ನೋಡಲೇ ಇಲ್ಲ, ತೂತಿನ ಅಂಚನ್ನು ಬೆಳಕಿಗೆ ಹಿಡಿದು, "ಆಂಟಿ, ಇದು ಸಿಂಗಲ್ ಬಟ್ಟೆ ಅಲ್ವಾ? ಪೇಸ್ಟಿಂಗೂ ಇಲ್ಲ. ನಮ್ಮಲ್ಲಿ ಹಿಂಗೆ ಮಾಡಿದ್ರೆ ಹೊಲಿಗೆ ಲೈನೇ ನಿಲ್ಲಿಸಿಬಿಡ್ತಾರೆ" ಎಂದಳು. ಅವರ ವಿಭಾಗದಲ್ಲಿ ಕಾಲಿನಿಂದ ತುಳಿಯುವ ಪ್ರೆಸ್ಸುಗಳಿವೆ. ಬೆಳಿಗ್ಗೆ ಯಂತ್ರ ಹೂಡಿದ ಮೇಲೆ ಮೊದಲು ಮಾದರಿ ಚೂರುಗಳಿಗೆ ಬಟನ್ ಒತ್ತಿ, ಅವನ್ನು ಎಳೆತ ಅಳೆಯುವ ಉಪಕರಣಕ್ಕೆ ಸಿಕ್ಕಿಸಿ ನೋಡಿ, ಸರಿಯಿದ್ದರೆ ಮಾತ್ರ ಕೆಲಸ ಆರಂಭವಾಗುತ್ತದಂತೆ. ಮಕ್ಕಳ ಬಟ್ಟೆ ಕೊನೆಯಲ್ಲಿ ಮುರಿದ ಸೂಜಿಯ ಚೂರನ್ನು ಪತ್ತೆಹಚ್ಚುವ ಯಂತ್ರದ ಕೆಳಗೂ ಹೋಗಬೇಕು. ಆ ಯಂತ್ರ ಗುರುತಿಸುವುದು ಕಬ್ಬಿಣವನ್ನು. ಕಬ್ಬಿಣದ ಬಟನ್ ಹಾಕಿದರೆ ಪ್ರತಿ ಅಂಗಿಗೂ ಕೂಗಿಕೊಳ್ಳುತ್ತದೆ, ಹಾಗಾಗಿ ಹಿತ್ತಾಳೆಯದೇ ಬೇಕು. ನಾನು ಪರ್ಸಿನಲ್ಲಿಟ್ಟುಕೊಂಡ ಅಯಸ್ಕಾಂತದ ಉಪಾಯವನ್ನು ಕಾರ್ಖಾನೆ ಬೇರೆ ಕಾರಣಕ್ಕೆ ಬಳಸುತ್ತಿದೆ ಎಂದು ತಿಳಿದು ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಅಮೆರಿಕದ ಸುರಕ್ಷತಾ ನಿಯಮದಲ್ಲಿ ಮಕ್ಕಳ ವಸ್ತುಗಳಿಂದ ಚಿಕ್ಕ ಭಾಗಗಳು ಕಿತ್ತುಬರುತ್ತವೆಯೇ ಎಂದು ನೋಡಲು 18 ತಿಂಗಳವರೆಗಿನವರ ವಸ್ತುಗಳನ್ನು 10 ಪೌಂಡ್ ಬಲದಿಂದ, ಅದಕ್ಕಿಂತ ದೊಡ್ಡ ಮಕ್ಕಳವನ್ನು 15 ಪೌಂಡ್ ಬಲದಿಂದ ಎಳೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಕಿಲೋ ಮತ್ತು ಏಳು ಕಿಲೋಗೆ ಸ್ವಲ್ಪ ಕಡಿಮೆ ತೂಕದ ಎಳೆತ. ಇದನ್ನು ಓದಿದ ಮೇಲೆ ನಾನು ಪ್ರಯಾಣದ ಪೆಟ್ಟಿಗೆ ತೂಗುವ ಕೈತಕ್ಕಡಿಗೆ ಕೆಲಸ ಕೊಟ್ಟಿದ್ದೇನೆ. ಚೂರು ಬಟ್ಟೆಗೆ ಕೂರಿಸಿದ ಗಂಡು ಭಾಗವನ್ನು ಇಕ್ಕಳದಿಂದ ಹಿಡಿದು, ಬಟ್ಟೆಯ ಇನ್ನೊಂದು ತುದಿಯನ್ನು ಕೊಕ್ಕೆಗೆ ಕಟ್ಟಿ, ಅಂಕಿ ಏಳು ಕಿಲೋ ತೋರುವವರೆಗೆ ಎಳೆದು ಹತ್ತು ಎಣಿಸುತ್ತೇನೆ. ಆಮೇಲೆ ಗಂಡು ಹೆಣ್ಣುಗಳನ್ನು ಕೂಡಿಸಿ ಮತ್ತೆ ಎಳೆಯುತ್ತೇನೆ. ಈ ಸಲ ಬಹಳ ಮೊದಲೇ ಬಿಚ್ಚಿಕೊಳ್ಳಬೇಕು. ಇದೇನೂ ಪ್ರಯೋಗಾಲಯದ ಪರೀಕ್ಷೆಯಲ್ಲ, ಆದರೆ ಎರಡು ಅಂಕಿಗಳ ನಡುವೆ ದೊಡ್ಡ ಅಂತರ ಕಾಣದಿದ್ದರೆ ಆ ಬಟನ್ ಆ ಬಟ್ಟೆಗೆ ಸಲ್ಲದು. ಇದರ ಮುಂಚೆ ಮಾಡುವ ಇನ್ನೂ ಸುಲಭದ ಪರೀಕ್ಷೆಯನ್ನು ಹೇಳಿಕೊಟ್ಟವಳೂ ಆ ಹುಡುಗಿಯೇ: ಕೂರಿಸಿದ ಬಟನ್ನನ್ನು ಎರಡು ಬೆರಳಿನಿಂದ ತಿರುಗಿಸಲು ನೋಡುವುದು, ಅಂಚಿನ ಕೆಳಗೆ ಉಗುರು ತೂರಿಸಲು ನೋಡುವುದು. ತಿರುಗಿದರೂ ತಪ್ಪು, ಉಗುರು ತೂರಿದರೂ ತಪ್ಪು.

ಪ್ಲಾಸ್ಟಿಕ್ ಟಿಚ್ ಬಟನ್ನುಗಳ ಬಗ್ಗೆ ನನಗೆ ಮೊದಲು ತಾತ್ಸಾರವಿತ್ತು, ಈಗಿಲ್ಲ. ಮೊನಚಾದ ಕಾಂಡವುಳ್ಳ ಟೋಪಿಯನ್ನು ದಬ್ಬಳದಿಂದ ಮಾಡಿದ ಸಣ್ಣ ತೂತಿನಲ್ಲಿ ತೂರಿಸಿ ಇಕ್ಕಳ ಒತ್ತಿದರೆ ಕಾಂಡದ ತುದಿ ಅಣಬೆಯಂತೆ ಅರಳಿ ಕೂರುತ್ತದೆ. ಅರಳಿದ ತುದಿ ಸರಿಯಾಗಿ ನಡುವೆ ಇರಬೇಕು. ಒಳಗೆ ತಂತಿಯಿಲ್ಲ, ಪ್ಲಾಸ್ಟಿಕ್ಕಿನ ಬಾಗುವ ಗುಣದಿಂದಲೇ ಹಿಡಿತ. ತುಕ್ಕಿಲ್ಲ, ನಿಕ್ಕಲ್ಲಿಲ್ಲ, ಮಗುವಿನ ಬಟ್ಟೆಯ ಲಂಗೋಟಿಗೆ, ಊಟದ ಹೊತ್ತಿನ ಎದೆಪಟ್ಟಿಗೆ ಬಹಳ ಅನುಕೂಲ. ಶತ್ರು ಇಸ್ತ್ರಿಪೆಟ್ಟಿಗೆ. ಇವನ್ನು ಸಾಮಾನ್ಯವಾಗಿ ಮಾಡುವ ಅಸಿಟಾಲ್ ಎಂಬ ಪ್ಲಾಸ್ಟಿಕ್ 165ರಿಂದ 175 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಕರಗುತ್ತದೆ, ಹತ್ತಿಬಟ್ಟೆಗೆಂದು ತಿರುಗಿಸಿದ ಇಸ್ತ್ರಿಪೆಟ್ಟಿಗೆ ಸುಮಾರು 200 ಡಿಗ್ರಿಯಲ್ಲಿರುತ್ತದೆ. ತೆಗೆಯುವುದೂ ಸುಲಭ, ಅರಳಿದ ತುದಿಯನ್ನು ಕತ್ತರಿಸುವ ಇಕ್ಕಳದಿಂದ ಚಿವುಟಿದರೆ ಆಯಿತು. ಲೋಹದ್ದನ್ನು ತೆಗೆಯುವಾಗ ಮಾತ್ರ ಬಟ್ಟೆ ಹರಿಯದಿದ್ದರೆ ಅದೃಷ್ಟ.

ಅಯಸ್ಕಾಂತದ ಬಟನ್ನನ್ನೂ ಒಮ್ಮೆ ಹಾಕಿದ್ದುಂಟು. ನಮ್ಮ ಅತ್ತೆಯವರ ಎಲೆಯಡಿಕೆ ಸಂಚಿಯ ದಾರ ಎಳೆಯಲು ಅವರ ಬೆರಳುಗಳು ಬಗ್ಗದಾದಾಗ, ಒತ್ತುವ ಶ್ರಮವೂ ಬೇಡವೆಂದು ಅದನ್ನು ಹೂಡಿದೆ. ಸುಣ್ಣದ ತಗಡಿನ ಡಬ್ಬಿ ಹೋಗಿ ಅದಕ್ಕೇ ಅಂಟಿಕೊಂಡು, ಸಂಚಿಗೆ ಕೈ ಹಾಕಿದವರಿಗೆಲ್ಲ ಸುಣ್ಣ ಕಾಣೆಯಾಗುತ್ತಿತ್ತು. "ನಿನ್ ಬಟನ್ನು ನನ್ ಸುಣ್ಣ ಕದೀತಾ ಇದೆ ಕಣಮ್ಮ" ಎಂದು ಅವರು ನಾಲ್ಕು ದಿನ ನಕ್ಕರು. ಕೊನೆಗೆ ಹಗುರಾದ ತಂತಿಯ ದೊಡ್ಡ ಬಟನ್ ಹಾಕಿ, ಮುಚ್ಚಳದ ತುದಿಗೆ ಹಿಡಿದೆಳೆಯಲು ಒಂದು ಚರ್ಮದ ಕಿವಿ ಹೊಲಿದುಕೊಟ್ಟೆ.

ಹರಿದ ಜಬ್ಲಾದ ಕಥೆಗೆ ಬಂದರೆ, ಸೀರೆಯ ಬಟ್ಟೆಗೆ ಯಾವ ಟಿಚ್ ಬಟನ್ನೂ ಬೇಡವೆಂದು ತೀರ್ಮಾನಿಸಿ ಉಳಿದೆರಡನ್ನೂ ಕಿತ್ತು, ತೇಪೆ ಹಾಕಿ, ಅದೇ ಸೀರೆಯ ಅಂಚಿನಿಂದ ಪುಟ್ಟ ಲಾಡಿಗಳನ್ನು ಮಾಡಿ ಹೊಲಿದೆ. ನಮ್ಮಜ್ಜಿ ಅಷ್ಟನ್ನೇ ಮಾಡುತ್ತಿದ್ದರು. ಕೂಸಿಗೆ ಆರು ತಿಂಗಳು ತುಂಬುವ ಹೊತ್ತಿಗೆ ತಂಗಿಯ ಫೋನು ಬಂತು: ಅವನು ಲಾಡಿಗಳನ್ನು ಬಾಯಲ್ಲಿಟ್ಟು ಚೀಪಿ ಸದಾ ಒದ್ದೆ ಮಾಡುತ್ತಿದ್ದಾನೆ, ಬಟನ್ನಿನದೇ ಹೊಲಿದುಕೊಡು. ಈ ಸಲ ಹೊಸ ಹೊಸೈರಿ ಬಟ್ಟೆ ತಂದೆ. ಪಟ್ಟಿ ಎರಡು ಮಡಿಕೆ, ನಡುವೆ ಪೇಸ್ಟಿಂಗ್, 16 ಲೈನಿಗಿಂತ ಕೊಂಚ ಚಿಕ್ಕದಾದ ಹಲ್ಲಿನ ಬಟನ್, ಅಯಸ್ಕಾಂತ ಹಿಡಿದು ಆರಿಸಿದ ಹಿತ್ತಾಳೆ. ಚೂರು ಬಟ್ಟೆಯ ಮೇಲೆ ಐದು ಒತ್ತಿ, ಎರಡನ್ನು ಕೆಡಿಸಿ, ಮೂರನ್ನು ತಕ್ಕಡಿಗೆ ಕಟ್ಟಿ ಎಳೆದು, ಆಮೇಲೆ ಅಂಗಿಗೆ ಕೈ ಹಾಕಿದೆ. ನಾಲ್ಕು ತಿಂಗಳಾದರೂ ಒಂದು ಬಟನ್ನೂ ಕದಲಿಲ್ಲ, ಬಟ್ಟೆಯೂ ಬಿಟ್ಟಿಲ್ಲ. ಈಗ ತಂಗಿಯ ದೂರು ಬೇರೆ. ಪಟ್ಟಿಯ ತುದಿ ಹಿಡಿದು ಎಳೆದರೆ ಸದ್ದಾಗಿ ಬಿಚ್ಚಿಕೊಳ್ಳುತ್ತದೆಂದು ಅವನು ಕಂಡುಕೊಂಡಿದ್ದಾನಂತೆ, ಹಾಕಿದ ಅಂಗಿ ಐದು ನಿಮಿಷ ಮೈಮೇಲೆ ನಿಲ್ಲುತ್ತಿಲ್ಲವಂತೆ.